ಚಳ್ಳಕೆರೆಯ ಬಿಸಿಲಿಗೂ ಮೊಳಕಾಲ್ಮೂರಿನ ಕರೆಂಟಿಗೂ ತಕ್ಕ ಗೇಮಿಂಗ್ ಕಂಪ್ಯೂಟರ್

ಎಪ್ಪತ್ತು–ಎಂಬತ್ತು ಸಾವಿರ ರೂಪಾಯಿ ಹೊಂದಿಸಿಕೊಂಡು ಗೇಮಿಂಗ್ ಕಂಪ್ಯೂಟರ್ ಜೋಡಿಸಲು ಹೊರಟ ಹುಡುಗರು ಅಂಗಡಿಯಲ್ಲಿ ಮೊದಲು ಕೇಳುವ ಪ್ರಶ್ನೆ ಒಂದೇ: ‘ಅಣ್ಣಾ, ಇಷ್ಟರಾಗೆ ಯಾವ ಗ್ರಾಫಿಕ್ಸ್ ಕಾರ್ಡು ಬತ್ತೈತೆ?’ ಎಸಿ ಕೋಣೆಯಲ್ಲಿ ಕುಳಿತು ವಿಡಿಯೊ ಮಾಡುವವರು ಕಲಿಸಿದ ಕ್ರಮ ಅದು. ಮೊದಲು ಕಾರ್ಡು, ಆಮೇಲೆ ಪ್ರೊಸೆಸರ್, ಆಮೇಲೆ ಬಣ್ಣಬಣ್ಣದ ದೀಪ ಉರಿಯುವ ರ‍್ಯಾಮು. ಕೊನೆಗೆ ಕೈಯಲ್ಲಿ ಉಳಿದ ಚಿಲ್ಲರೆಗೆ ಒಳಗಿನ ಭಾಗಗಳಿಗೆಲ್ಲ ಕರೆಂಟು ಹಂಚುವ ಒಂದು ಎಸ್‌ಎಂಪಿಎಸ್, ಒಂದು ಕ್ಯಾಬಿನೆಟ್. ಯುಪಿಎಸ್ ಅಂತೂ ಲೆಕ್ಕದಲ್ಲೇ ಇರುವುದಿಲ್ಲ.

ಚಳ್ಳಕೆರೆ, ಮೊಳಕಾಲ್ಮೂರು ತಾಲ್ಲೂಕುಗಳಲ್ಲಿ ಈ ಕ್ರಮವನ್ನು ತಿರುಗಿಸಬೇಕು ಎಂಬುದು ನನ್ನ ಖಚಿತ ಅಭಿಪ್ರಾಯ. ರಾಜ್ಯದಲ್ಲೇ ಅತಿ ಕಡಿಮೆ ಮಳೆ ಬೀಳುವ ಸೀಮೆ ಇದು. ಏಪ್ರಿಲ್ ಬಂತೆಂದರೆ ಬಿಸಿಲು 40 ಡಿಗ್ರಿಯ ಹತ್ತಿರ ಸುಳಿದಾಡುತ್ತದೆ. ಆಷಾಢದ ಗಾಳಿ ಕೆಮ್ಮಣ್ಣಿನ ಧೂಳನ್ನು ಮುಚ್ಚಿದ ಕಿಟಕಿಯ ಸಂದಿಯಿಂದಲೂ ಒಳಗೆ ತರುತ್ತದೆ. ಕಂಪ್ಯೂಟರ್ ಕಂಪನಿಗಳ ಸರ್ವಿಸ್ ಸೆಂಟರುಗಳು ಹೆಚ್ಚಾಗಿ ಇರುವ ಬೆಂಗಳೂರು ಚಳ್ಳಕೆರೆಗೆ ಸುಮಾರು 200 ಕಿಲೋಮೀಟರ್ ದೂರ, ಮೊಳಕಾಲ್ಮೂರಿಗೆ ಇನ್ನೂ ದೂರ. ಆಟ ಎಷ್ಟು ಚೆನ್ನಾಗಿ ಓಡುತ್ತದೆ ಎಂಬುದನ್ನು ಗ್ರಾಫಿಕ್ಸ್ ಕಾರ್ಡು ತೀರ್ಮಾನಿಸುತ್ತದೆ, ನಿಜ. ಆ ಕಾರ್ಡು ಎಷ್ಟು ವರ್ಷ ಬದುಕುತ್ತದೆ ಎಂಬುದನ್ನು ತೀರ್ಮಾನಿಸುವುದು ಮಾತ್ರ ಕರೆಂಟು, ಧೂಳು ಮತ್ತು ಶಾಖ. ಹಾಗಾಗಿ ಆಯ್ಕೆ ಗೋಡೆಯ ಪ್ಲಗ್ ಪಾಯಿಂಟಿನಿಂದ ಶುರುವಾಗಲಿ.

ಕಂಪ್ಯೂಟರಿನ ತಗಡಿನ ಡಬ್ಬಿ ಮುಟ್ಟಿದರೆ ಕೈ ಜುಮ್ಮೆನ್ನುವುದು ಹಳ್ಳಿಗಳ ಎಷ್ಟೋ ಮನೆಗಳಲ್ಲಿ ಮಾಮೂಲು. ‘ಅದೇನಾಗಲ್ಲ ಬಿಡು, ಸ್ವಲ್ಪ ಅರ್ತು ಬರ್ತೈತೆ’ ಎಂದು ಸುಮ್ಮನಾಗುತ್ತಾರೆ. ನಿಜವಾಗಿ ಆಗುತ್ತಿರುವುದು ಅದಕ್ಕೆ ವಿರುದ್ಧ: ಅಲ್ಲಿ ಅರ್ತಿಂಗೇ ಇಲ್ಲ. ಎಸ್‌ಎಂಪಿಎಸ್ ಒಳಗೆ ವಿದ್ಯುತ್ತಿನ ಗದ್ದಲವನ್ನು ಸೋಸುವ ಸಣ್ಣ ಕೆಪಾಸಿಟರುಗಳು ಫೇಸ್ ಮತ್ತು ನ್ಯೂಟ್ರಲ್ ಎರಡರಿಂದಲೂ ಡಬ್ಬಿಯ ಮೈಗೆ ಜೋಡಣೆಯಾಗಿರುತ್ತವೆ. ಅರ್ತಿಂಗ್ ಸರಿಯಿದ್ದರೆ ಅಲ್ಲಿ ಸೋರುವ ಅಲ್ಪ ಕರೆಂಟು ನೆಲಕ್ಕೆ ಇಳಿದುಹೋಗುತ್ತದೆ. ಇಲ್ಲದಿದ್ದರೆ ಡಬ್ಬಿಯ ಮೈಮೇಲೆ ಸಾಲಿನ ವೋಲ್ಟೇಜಿನ ಅರ್ಧದಷ್ಟು ನಿಂತುಬಿಡುತ್ತದೆ. ಹರಿಯುವ ಕರೆಂಟು ತೀರಾ ಕಡಿಮೆಯಾದ್ದರಿಂದ ಪ್ರಾಣಕ್ಕೆ ಅಪಾಯವಾಗದೆ ಇರಬಹುದು. ಆದರೆ ಅಂಥ ಡಬ್ಬಿಗೆ ಯುಎಸ್‌ಬಿ ಅಥವಾ ಎಚ್‌ಡಿಎಂಐ ಕೇಬಲ್ ಚುಚ್ಚುವ ಗಳಿಗೆಯಲ್ಲಿ ಪೋರ್ಟ್ ಸುಡುವ ಸಾಧ್ಯತೆ ಸದಾ ಇರುತ್ತದೆ.

ಬಯಲುಸೀಮೆಗೆ ಇನ್ನೊಂದು ತೊಡಕಿದೆ. ಅರ್ತಿಂಗ್ ಕೆಲಸ ಮಾಡುವುದು ನೆಲದ ತೇವದಿಂದ. ಮನೆ ಕಟ್ಟುವಾಗ ಇದ್ದಿಲು, ಉಪ್ಪು ತುಂಬಿ ಹೂತ ಪೈಪು ಮಳೆಗಾಲದಲ್ಲಿ ಚೆನ್ನಾಗಿಯೇ ಇರುತ್ತದೆ, ಬೇಸಿಗೆಯಲ್ಲಿ ಮಣ್ಣು ಒಣಗಿದಾಗ ಸತ್ತಂತಾಗುತ್ತದೆ. ಆ ಗುಂಡಿಗೆ ವಾರಕ್ಕೊಮ್ಮೆ ಒಂದೆರಡು ಕೊಡ ನೀರು ಹಾಕುವುದಕ್ಕೆ ಖರ್ಚೇನೂ ಇಲ್ಲ. ಎಲೆಕ್ಟ್ರಿಷಿಯನ್ ಬಂದಾಗ ಮಲ್ಟಿಮೀಟರಿನಲ್ಲಿ ನ್ಯೂಟ್ರಲ್ ಮತ್ತು ಅರ್ತಿಂಗ್ ನಡುವಿನ ವೋಲ್ಟೇಜ್ ನೋಡಿಸಿ. ಎರಡು–ಮೂರು ವೋಲ್ಟ್ ಒಳಗಿದ್ದರೆ ಸರಿ. ಹತ್ತು, ಇಪ್ಪತ್ತು ತೋರಿಸಿದರೆ ಮೊದಲು ಅದನ್ನು ಸರಿಪಡಿಸಿಕೊಳ್ಳಿ, ಕಂಪ್ಯೂಟರ್ ಮುಂದಿನ ತಿಂಗಳು ಬಂದರೂ ಆದೀತು.

ಮನೆಗೆ ಬರಬೇಕಾದ್ದು 230 ವೋಲ್ಟ್. ಊರಂಚಿನ, ತೋಟದ ಮನೆಗಳಲ್ಲಿ ಅದು ದಿನವಿಡೀ ಏರಿಳಿಯುತ್ತಿರುತ್ತದೆ. ಒಂದೇ ಟ್ರಾನ್ಸ್‌ಫಾರ್ಮರಿನ ಮೇಲೆ ಮೋಟಾರುಗಳು ಶುರುವಾದ ಕೂಡಲೇ ಬಲ್ಬು ಮಂಕಾಗುತ್ತದೆ, ಅವು ಒಟ್ಟಿಗೆ ನಿಂತಾಗ ವೋಲ್ಟೇಜ್ ಮೇಲೆ ಹಾರುತ್ತದೆ. ಆದ್ದರಿಂದ ಎಸ್‌ಎಂಪಿಎಸ್ ಕೊಳ್ಳುವಾಗ ವ್ಯಾಟ್ ನೋಡುವ ಮೊದಲು ಅದರ ಪಕ್ಕೆಗೆ ಅಂಟಿಸಿದ ಲೇಬಲ್ ಓದಿ. ಇನ್‌ಪುಟ್ ಎಂಬ ಸಾಲಿನಲ್ಲಿ 100–240 ವೋಲ್ಟ್ ಎಂದಿದ್ದರೆ ಅದು 160ಕ್ಕೆ ಇಳಿದರೂ ತಡೆದುಕೊಳ್ಳುತ್ತದೆ. 200–240 ಎಂದು ಮಾತ್ರ ಇದ್ದರೆ ಅದು ನಮ್ಮ ಊರಿಗಲ್ಲ. ‘80 ಪ್ಲಸ್ ಬ್ರಾಂಜ್’ ಎಂಬ ಮುದ್ರೆ ಎಷ್ಟು ವಿದ್ಯುತ್ ವ್ಯರ್ಥವಾಗುತ್ತದೆ ಎಂಬುದನ್ನಷ್ಟೇ ಹೇಳುತ್ತದೆ, ವೋಲ್ಟೇಜ್ ಏರಿದಾಗ ಒಳಗಿನ ಭಾಗಗಳನ್ನು ಉಳಿಸುತ್ತದೆಯೇ ಎಂಬುದನ್ನು ಹೇಳುವುದಿಲ್ಲ. ಐದು ವರ್ಷ ಗ್ಯಾರಂಟಿ ಕೊಡುವ ಕಂಪನಿಯ ಮಾಲು ಹೆಚ್ಚು ನಂಬಿಕೆಗೆ ಅರ್ಹ.

ಅಂಗಡಿಯವರು ಸಾಮಾನ್ಯವಾಗಿ ಹೇಳದ ಒಂದು ಸಂಗತಿಯಿದೆ. ಎಸ್‌ಎಂಪಿಎಸ್ ಡಬ್ಬಿಯ ಮೇಲೆ ಬರೆದ ವ್ಯಾಟ್ ಎಷ್ಟು ಡಿಗ್ರಿ ಶಾಖದಲ್ಲಿ ಅಳೆದದ್ದು? ಕೆಲವು ಕಂಪನಿಗಳು 40 ಡಿಗ್ರಿಗೆ ಅಳೆಯುತ್ತವೆ, ಕೆಲವು 50ಕ್ಕೆ. ನಮ್ಮ ಬೇಸಿಗೆಯಲ್ಲಿ ಕೋಣೆಯೇ 40ರ ಹತ್ತಿರ ಇದ್ದರೆ ಕ್ಯಾಬಿನೆಟ್ಟಿನ ಒಳಗೆ ಇನ್ನೂ ಹೆಚ್ಚಿರುತ್ತದೆ. ಹಾಗಾಗಿ 50 ಡಿಗ್ರಿಗೆ ಅಳೆದ 550 ವ್ಯಾಟ್ ಸಿಕ್ಕರೆ ಅದನ್ನು, ಸಿಗದಿದ್ದರೆ 650 ವ್ಯಾಟಿನ ಒಳ್ಳೆಯದೊಂದನ್ನು ತೆಗೆದುಕೊಳ್ಳಿ. ‘ಕ್ಯಾಬಿನೆಟ್ ಜೊತೆ ಎಸ್‌ಎಂಪಿಎಸ್ ಫ್ರೀ’ ಎಂಬ ಮಾತು ಕಿವಿಗೆ ಬಿದ್ದರೆ ಮುಂದಿನ ಅಂಗಡಿಗೆ ನಡೆಯಿರಿ.

ಇನ್ನು ಯುಪಿಎಸ್. ಅಂಗಡಿಗಳಲ್ಲಿ ಹೆಚ್ಚು ಮಾರಾಟವಾಗುವ 600 ವಿಎ ಯುಪಿಎಸ್ ನಿಜಕ್ಕೂ ಹೊರುವುದು ಸಾಮಾನ್ಯವಾಗಿ 360 ವ್ಯಾಟ್ ಮಾತ್ರ. ಮಧ್ಯಮ ದರದ ಗೇಮಿಂಗ್ ಕಂಪ್ಯೂಟರ್ ಆಟದ ಬಿರುಸಿನಲ್ಲಿ ಮಾನಿಟರ್ ಸೇರಿ 300 ವ್ಯಾಟ್ ದಾಟುತ್ತದೆ. ಬ್ಯಾಟರಿ ಹೊಸದಿರುವಾಗ ಹೇಗೋ ನಡೆದೀತು. ಒಂದು ಬೇಸಿಗೆ ಕಳೆದ ಮೇಲೆ ಕರೆಂಟು ಹೋದ ತಕ್ಷಣ ಯುಪಿಎಸ್ಸೂ ಕೀ ಎಂದು ಕೂಗಿ ಕಣ್ಣು ಮುಚ್ಚುತ್ತದೆ. 1000ದಿಂದ 1100 ವಿಎ ಇರುವುದೇ ಬೇಕು. ಸೀಸದ ಬ್ಯಾಟರಿಗೆ ಹೇಳಿದ ಆಯುಸ್ಸು 25 ಡಿಗ್ರಿಯ ಲೆಕ್ಕದ್ದು. ಅದಕ್ಕಿಂತ ಹತ್ತು ಡಿಗ್ರಿ ಹೆಚ್ಚಾದರೆ ಆಯುಸ್ಸು ಹೆಚ್ಚುಕಡಿಮೆ ಅರ್ಧವಾಗುತ್ತದೆ. ಆದ್ದರಿಂದ ಎರಡು ವರ್ಷಕ್ಕೊಮ್ಮೆ ಬ್ಯಾಟರಿ ಬದಲಿಸುವ ಖರ್ಚನ್ನು ಈಗಲೇ ಮನಸ್ಸಿನಲ್ಲಿಟ್ಟುಕೊಳ್ಳಿ.

‘ಮನೇಲಿ ಇನ್ವರ್ಟರ್ ಐತಲ್ಲ, ಯುಪಿಎಸ್ ಯಾಕೆ?’ ಎನ್ನುವವರಿದ್ದಾರೆ. ನ್ಯಾಯವಾದ ಪ್ರಶ್ನೆ. ಕರೆಂಟು ಹೋಗಿ ಇನ್ವರ್ಟರ್ ಹಿಡಿದುಕೊಳ್ಳುವವರೆಗಿನ ಕ್ಷಣವನ್ನು ಎಸ್‌ಎಂಪಿಎಸ್ ತನ್ನೊಳಗೆ ಉಳಿಸಿಕೊಂಡ ಶಕ್ತಿಯಿಂದ ದಾಟಬೇಕು. ಒಳ್ಳೆಯ ಎಸ್‌ಎಂಪಿಎಸ್ ಪೂರ್ತಿ ಹೊರೆಯಲ್ಲಿ ಸುಮಾರು 16 ಮಿಲಿಸೆಕೆಂಡು ತಡೆಯುತ್ತದೆ. ಇನ್ವರ್ಟರಿನ ಹಿಂಭಾಗದಲ್ಲಿ ‘ಯುಪಿಎಸ್ ಮೋಡ್’ ಎಂಬ ಸ್ವಿಚ್ಚಿದ್ದು, ಅದು ಚಾಲೂ ಇದ್ದರೆ ಬದಲಾವಣೆ ಅಷ್ಟರೊಳಗೆ ಮುಗಿಯುತ್ತದೆ. ‘ಎಕೊ’ ಅಥವಾ ‘ನಾರ್ಮಲ್’ ಮೋಡಿನಲ್ಲಿದ್ದರೆ ಅಷ್ಟು ಬೇಗ ಆಗುವುದಿಲ್ಲ, ಕಂಪ್ಯೂಟರ್ ಆಫ್ ಆಗಿ ಮತ್ತೆ ಶುರುವಾಗುತ್ತದೆ. ಪ್ಯೂರ್ ಸೈನ್ ವೇವ್ ಇನ್ವರ್ಟರ್, ಯುಪಿಎಸ್ ಮೋಡ್, ಸಾಕಷ್ಟು ವ್ಯಾಟ್ ಮೂರೂ ಇದ್ದರೆ ಬೇರೆ ಯುಪಿಎಸ್ ಬೇಕಿಲ್ಲ. ಹಳೆಯ ಸ್ಕ್ವೇರ್ ವೇವ್ ಇನ್ವರ್ಟರಿಗೆ ಮಾತ್ರ ಗೇಮಿಂಗ್ ಕಂಪ್ಯೂಟರ್ ಜೋಡಿಸಬೇಡಿ. ಅಶ್ವಿನಿ, ಭರಣಿ ಮಳೆಯ ಗುಡುಗು–ಸಿಡಿಲಿನ ದಿನಗಳಲ್ಲಿ ಯುಪಿಎಸ್ ಇದ್ದರೂ ಪ್ಲಗ್ ಕೀಳಬೇಕು, ಇಂಟರ್‌ನೆಟ್ಟಿನ ಕೇಬಲನ್ನೂ ಕೀಳಬೇಕು.

ಇಷ್ಟಾದ ಮೇಲೆ ಗ್ರಾಫಿಕ್ಸ್ ಕಾರ್ಡಿಗೆ ಬರೋಣ. ಯುಪಿಎಸ್, ಮಾನಿಟರ್ ಬಿಟ್ಟು ಉಳಿದ ಹಣ 80 ಸಾವಿರ ಎಂದುಕೊಂಡರೆ 28ರಿಂದ 32 ಸಾವಿರವನ್ನು ಕಾರ್ಡಿಗೆ ಇಡುವುದು ಸರಿಯಾದ ಪಾಲು. ಇಲ್ಲಿ ನಾನು ಸೇರಿಸುವ ಅಳತೆಗೋಲು ಒಂದೇ: ಕಾರ್ಡು ಎಷ್ಟು ವ್ಯಾಟ್ ನುಂಗುತ್ತದೆ? ಕಂಪ್ಯೂಟರಿಗೆ ಹೋದ ವಿದ್ಯುತ್ತೆಲ್ಲ ಕೊನೆಗೆ ಶಾಖವಾಗಿ ಅದೇ ಕೋಣೆಯಲ್ಲಿ ಉಳಿಯುತ್ತದೆ. ಮೇಲಂತಸ್ತಿನ ಆರ್‌ಸಿಸಿ ಕೋಣೆಯಲ್ಲಿ, ಅದಕ್ಕಿಂತ ಹೆಚ್ಚಾಗಿ ಶೀಟಿನ ಮನೆಯಲ್ಲಿ, ಮೇ ತಿಂಗಳ ಮಧ್ಯಾಹ್ನ 300 ವ್ಯಾಟಿನ ಯಂತ್ರದ ಪಕ್ಕ ಮೂರು ಗಂಟೆ ಕೂರುವವನಿಗೆ ಇದು ಚೆನ್ನಾಗಿ ಗೊತ್ತು. ಚಿಪ್ಪಿನ ಶಾಖವೂ ಕೋಣೆಯ ಶಾಖದ ಮೇಲೆಯೇ ನಿಂತಿರುತ್ತದೆ. ಬೆಂಗಳೂರಿನ 25 ಡಿಗ್ರಿ ಕೋಣೆಯಲ್ಲಿ 68 ತೋರಿಸುವ ಕಾರ್ಡು ನಮ್ಮ 40 ಡಿಗ್ರಿಯ ಕೋಣೆಯಲ್ಲಿ 83ರ ಆಸುಪಾಸಿಗೆ ಏರುತ್ತದೆ. ಹೀಗೆ ಮಿತಿ ಹತ್ತಿರವಾದಂತೆ ಕಾರ್ಡು ತನ್ನ ವೇಗವನ್ನು ತಾನೇ ಇಳಿಸಿಕೊಳ್ಳುತ್ತದೆ. ಹಣ ಕೊಟ್ಟು ತಂದ ವೇಗ ಬಿಸಿಲಿಗೆ ಕರಗುವುದು ಹೀಗೆ.

ಆದ್ದರಿಂದ ಹಳೆಯ 170 ವ್ಯಾಟಿನ ಆರ್‌ಟಿಎಕ್ಸ್ 3060ಗಿಂತ 2023ರಲ್ಲಿ ಬಂದ 115 ವ್ಯಾಟಿನ ಆರ್‌ಟಿಎಕ್ಸ್ 4060 ನಮ್ಮ ಸೀಮೆಗೆ ಹೇಳಿ ಮಾಡಿಸಿದ ಕಾರ್ಡು. ಅದು ಓಡುವುದೂ ಹೆಚ್ಚು ವೇಗವಾಗಿ. ಅಂಗಡಿಯಲ್ಲಿ ಇನ್ನೂ ಸಿಕ್ಕರೆ, ದರ ಇಳಿದಿದ್ದರೆ, ತೆಗೆದುಕೊಳ್ಳಬಹುದು. ಅದರ ಜಾಗಕ್ಕೆ 2025ರಲ್ಲಿ ಬಂದ ಆರ್‌ಟಿಎಕ್ಸ್ 5060 145 ವ್ಯಾಟಿನದು, ಮೆಮೊರಿ ಮಾತ್ರ ಅದೇ 8 ಜಿಬಿ. ಇಂಟೆಲ್‌ನ ಆರ್ಕ್ ಬಿ580ರಲ್ಲಿ 12 ಜಿಬಿ ಮೆಮೊರಿ ಇದೆ, ಆದರೆ 190 ವ್ಯಾಟ್ ಬೇಡುತ್ತದೆ. ಹಳೆಯ ಪ್ರೊಸೆಸರಿನ ಜೊತೆ ಅದು ಸೊರಗುತ್ತದೆ. ಹಣ ಇನ್ನೊಂದಿಷ್ಟು ಹಿಗ್ಗುವುದಾದರೆ ಎಎಂಡಿಯ ಆರ್‌ಎಕ್ಸ್ 9060 ಎಕ್ಸ್‌ಟಿ, ಅದರಲ್ಲೂ 16 ಜಿಬಿಯದು, 160 ವ್ಯಾಟಿನಲ್ಲೇ ಕೆಲಸ ಮುಗಿಸುತ್ತದೆ ಮತ್ತು ಹೆಚ್ಚು ವರ್ಷ ಬಾಳುತ್ತದೆ. ವ್ಯಾಲೊರಂಟ್, ಕೌಂಟರ್ ಸ್ಟ್ರೈಕ್ 2, ಜಿಟಿಎ 5 ಆಡುವವರಿಗೆ 8 ಜಿಬಿ ಧಾರಾಳ. ಹೊಸ ದೊಡ್ಡ ಆಟಗಳನ್ನು ಎಲ್ಲ ಸೆಟ್ಟಿಂಗ್ ಏರಿಸಿ ಆಡುವ ಆಸೆ ಇದ್ದರೆ ಸಾಲದು.

ಸೆಕೆಂಡ್ ಹ್ಯಾಂಡ್ ಕಾರ್ಡುಗಳ ಬಗ್ಗೆ ಒಂದು ಮಾತು. ಇಥೀರಿಯಂ 2022ರ ಸೆಪ್ಟೆಂಬರಿನಲ್ಲಿ ಮೈನಿಂಗ್ ಪದ್ಧತಿಯನ್ನು ಕೈಬಿಟ್ಟಾಗ ಹಗಲು–ರಾತ್ರಿ ದುಡಿದ ಕಾರ್ಡುಗಳು ಜಗತ್ತಿನ ಹಳೆ ಮಾರುಕಟ್ಟೆಗಳಿಗೆಲ್ಲ ಹರಿದುಬಂದವು. ಬೆಂಗಳೂರಿನ ಎಸ್‌.ಪಿ. ರಸ್ತೆಯಲ್ಲಿ ನಿಮ್ಮ ಕಣ್ಣೆದುರಿಗೇ ಅರ್ಧ ಗಂಟೆ ಓಡಿಸಿ ತೋರಿಸಿದರೆ, ಬಿಲ್ಲಿನಲ್ಲಿ ಗ್ಯಾರಂಟಿ ಉಳಿದಿದ್ದರೆ ಮಾತ್ರ ಯೋಚಿಸಿ. ಕೆಟ್ಟರೆ ಮತ್ತೆ ಇಡೀ ದಿನ ಬಸ್ಸಿನಲ್ಲಿ ಕಳೆಯಬೇಕಾದವರು ನೀವು.

ಈ ದೂರದ ಕಾರಣಕ್ಕೇ ಪ್ರೊಸೆಸರ್ ಆಯ್ಕೆಯಲ್ಲಿ ನನ್ನ ಸಲಹೆ ಪೇಟೆಯವರದ್ದಕ್ಕಿಂತ ಬೇರೆ. ಹಣ ಉಳಿಸಲು ಎಲ್ಲರೂ ಸೂಚಿಸುವುದು ಕೋರ್ ಐ5 12400ಎಫ್, ರೈಜೆನ್ 5 5600, ರೈಜೆನ್ 5 7500ಎಫ್ ಇಂಥವನ್ನು. ವೇಗದಲ್ಲಿ ಯಾವ ಕೊರತೆಯೂ ಇಲ್ಲ. ಆದರೆ ಇವುಗಳಲ್ಲಿ ಸ್ವಂತ ಗ್ರಾಫಿಕ್ಸ್ ಇಲ್ಲ. ಕಾರ್ಡು ಕೆಟ್ಟು ಗ್ಯಾರಂಟಿಗೆಂದು ಬೆಂಗಳೂರಿಗೆ ಹೋಯಿತೆಂದರೆ ಅದು ಮರಳುವವರೆಗೆ ಪರದೆ ಕಪ್ಪು, ಇಡೀ ಕಂಪ್ಯೂಟರ್ ಅಲಂಕಾರದ ಡಬ್ಬಿ. ಒಂದೆರಡು ಸಾವಿರ ಹೆಚ್ಚು ಕೊಟ್ಟು ‘ಎಫ್’ ಇಲ್ಲದ 12400ನ್ನೋ, ರೈಜೆನ್ 5 7600ನ್ನೋ ಕೊಂಡರೆ ಅದರೊಳಗೇ ಸಣ್ಣ ಗ್ರಾಫಿಕ್ಸ್ ಇರುತ್ತದೆ. ಲಾರಿಗೆ ಸ್ಟೆಪ್ನಿ ಇದ್ದಂತೆ: ಅದರ ಮೇಲೆ ರೇಸು ಓಡಿಸಲಾಗದು, ಊರು ಸೇರಬಹುದು. ಮಗಳ ಪ್ರಾಜೆಕ್ಟ್ ವರದಿ, ಆನ್‌ಲೈನ್ ಅರ್ಜಿ, ಪರೀಕ್ಷೆಯ ಪಾಠ ಯಾವುದೂ ನಿಲ್ಲುವುದಿಲ್ಲ.

ಮದರ್‌ಬೋರ್ಡಿನಲ್ಲಿ ಹೆಚ್ಚು ತಲೆಕೆಡಿಸಿಕೊಳ್ಳುವುದು ಬೇಡ. ಎಎಂಡಿಯ ಎಎಂ5 ಸಾಕೆಟ್ 2022ರಲ್ಲಿ ಬಂದದ್ದು, 2027ರವರೆಗೂ ಅದರಾಚೆಗೂ ಹೊಸ ಪ್ರೊಸೆಸರುಗಳನ್ನು ಅದಕ್ಕೆ ಕೊಡುವುದಾಗಿ ಕಂಪನಿ ಹೇಳಿದೆ. ನಾಲ್ಕು ವರ್ಷದ ಮೇಲೆ ಪ್ರೊಸೆಸರ್ ಮಾತ್ರ ಬದಲಿಸುವ ಯೋಚನೆ ಇದ್ದವರಿಗೆ ಈ ಸಾಕೆಟ್ಟಿನ ಬಿ650 ಬೋರ್ಡು ಒಳ್ಳೆಯದು. ಈಗಿನ ಖರ್ಚೇ ಮುಖ್ಯ ಎನ್ನುವವರಿಗೆ ಡಿಡಿಆರ್4 ರ‍್ಯಾಮಿನ ಹಳೆಯ ಬೋರ್ಡುಗಳ ದಾರಿ ಇನ್ನೂ ತೆರೆದಿದೆ.

ರ‍್ಯಾಮಿನ ಬೆಲೆಯೇ ಈಚಿನ ದೊಡ್ಡ ತಲೆನೋವು. 2025ರ ಕೊನೆಯ ತಿಂಗಳುಗಳಲ್ಲಿ ಅದು ಏಕಾಏಕಿ ಏರಿತು. ಮೆಮೊರಿ ತಯಾರಿಸುವ ಕಂಪನಿಗಳು ಕೃತಕ ಬುದ್ಧಿಮತ್ತೆಯ ಡೇಟಾ ಸೆಂಟರುಗಳ ಕಡೆ ತಿರುಗಿದ್ದೇ ಕಾರಣ. ಮೈಕ್ರಾನ್ ಕಂಪನಿಯಂತೂ ಆ ಡಿಸೆಂಬರಿನಲ್ಲಿ ತನ್ನ ‘ಕ್ರೂಷಿಯಲ್’ ಹೆಸರಿನ ಗ್ರಾಹಕ ವ್ಯಾಪಾರವನ್ನೇ ಮುಚ್ಚುವುದಾಗಿ ಘೋಷಿಸಿತು. ಹಾಗಾಗಿ ಹಳೆಯ ವಿಡಿಯೊಗಳ ರ‍್ಯಾಮ್ ದರವನ್ನು ನಂಬಿ ಲೆಕ್ಕ ಹಾಕಬೇಡಿ. 16 ಜಿಬಿಯಿಂದ ಶುರು ಮಾಡಿ. 8 ಜಿಬಿಯ ಎರಡು ಪಟ್ಟಿಗಳಾಗಿ ಕೊಂಡರೆ ಪ್ರೊಸೆಸರಿಗೆ ಎರಡು ದಾರಿ ಸಿಕ್ಕಿ ವೇಗ ಹೆಚ್ಚುತ್ತದೆ. ಜೋಡಿಸಿದ ಮೇಲೆ ಬಯೋಸ್‌ನಲ್ಲಿ ಎಕ್ಸ್‌ಎಂಪಿ ಅಥವಾ ಎಕ್ಸ್‌ಪೊ ಎಂಬುದನ್ನು ಚಾಲೂ ಮಾಡಿಸಿ. ಅದು ಆಫ್ ಇದ್ದರೆ ದುಡ್ಡು ಕೊಟ್ಟ ರ‍್ಯಾಮು ಸಾಮಾನ್ಯ ವೇಗದಲ್ಲೇ ಓಡುತ್ತಿರುತ್ತದೆ, ಎಷ್ಟೋ ಮನೆಗಳಲ್ಲಿ ಇದು ವರ್ಷಗಟ್ಟಲೆ ಯಾರಿಗೂ ಗೊತ್ತಾಗುವುದಿಲ್ಲ.

ಸ್ಟೋರೇಜ್‌ನಲ್ಲಿ 500 ಜಿಬಿ ಸಾಕು ಎನ್ನುವ ಮಾತು ಫೈಬರ್ ಸಂಪರ್ಕ ಇರುವ ಊರಿನದು. ಇಂದಿನ ದೊಡ್ಡ ಆಟವೊಂದು 100 ಜಿಬಿ ಇರುತ್ತದೆ. ದಿನಕ್ಕೆ 2 ಜಿಬಿಯ ಮೊಬೈಲ್ ಪ್ಯಾಕಿನಲ್ಲಿ ಅದನ್ನು ಇಳಿಸಿಕೊಳ್ಳಲು 50 ದಿನ ಬೇಕು. ಜಾಗವಿಲ್ಲವೆಂದು ಅಳಿಸಿ ಮತ್ತೆ ಇಳಿಸಿಕೊಳ್ಳುವುದು ತಳಕು, ಪರಶುರಾಂಪುರದ ಹಳ್ಳಿಗಳ ಹುಡುಗನಿಗೆ ದೊಡ್ಡ ಶಿಕ್ಷೆ. 1 ಟಿಬಿಯ ಎನ್‌ವಿಎಂಇ ಎಸ್‌ಎಸ್‌ಡಿ ಇರಲಿ. ಮನೆಯಲ್ಲಿ ಹಳೆಯ ಹಾರ್ಡ್ ಡಿಸ್ಕ್ ಇದ್ದರೆ ಆಟಗಳ ಪ್ರತಿ ಇಡಲು ಅದು ಸಾಕು.

ಇನ್ನು ಧೂಳು. ಶೇಂಗಾ ಒಕ್ಕಣೆಯ ಕಾಲದಲ್ಲಿ ಹೊಟ್ಟು, ನಾಯಕನಹಟ್ಟಿ ಕಡೆಯ ಮಣ್ಣು ರಸ್ತೆಗಳ ಕೆಂಪು ಪುಡಿ, ಮೊಳಕಾಲ್ಮೂರಿನ ಮಗ್ಗದ ಮನೆಗಳಲ್ಲಿ ನೂಲಿನ ನವಿರು ಎಳೆ, ಎಲ್ಲವೂ ಕೊನೆಗೆ ಸೇರುವುದು ಹೀಟ್‌ಸಿಂಕಿನ ರೆಕ್ಕೆಗಳ ನಡುವೆ. ಗಾಜಿನ ಮುಖದ ಅಂದದ ಕ್ಯಾಬಿನೆಟ್ ಗಾಳಿಯನ್ನೇ ಎಳೆದುಕೊಳ್ಳುವುದಿಲ್ಲ. ಮುಂಭಾಗ ಪೂರ್ತಿ ಜಾಲರಿ ಇದ್ದು, ಕಳಚಿ ತೊಳೆಯಬಹುದಾದ ಫಿಲ್ಟರ್ ಇರುವುದನ್ನು ಆರಿಸಿ. ಒಳಗೆ ಗಾಳಿ ಎಳೆಯುವ ಫ್ಯಾನುಗಳು ಹೊರಗೆ ತಳ್ಳುವವಕ್ಕಿಂತ ಹೆಚ್ಚಿರಲಿ: ಮುಂದೆ ಎರಡು, ಹಿಂದೆ ಒಂದು. ಆಗ ಒಳಗಿನ ಒತ್ತಡ ತುಸು ಹೆಚ್ಚಿದ್ದು, ಫಿಲ್ಟರ್ ಇಲ್ಲದ ಸಂದಿಗಳಿಂದ ಗಾಳಿ ಹೊರಕ್ಕೇ ಹೋಗುತ್ತದೆ, ಧೂಳು ಅಲ್ಲಿಂದ ನುಗ್ಗಲಾರದು. ಹಿಂಭಾಗದಲ್ಲಿ ಖಾಲಿ ಬಿಟ್ಟ ಸ್ಲಾಟುಗಳಿಗೆ ತಗಡಿನ ಪಟ್ಟಿಯನ್ನು ಮರೆಯದೆ ಹಾಕಿಸಿ. ಬೆಚ್ಚಗಿನ ಜಾಗ ಹುಡುಕುವ ಹಲ್ಲಿ ಅಲ್ಲಿಂದಲೇ ಒಳಗೆ ಬರುವುದು, ಒಂದು ಹಲ್ಲಿ ಸಾಕು ಬೋರ್ಡು ಶಾರ್ಟ್ ಆಗಲು. ತಿಂಗಳಿಗೊಮ್ಮೆ ಬ್ಲೋವರ್ ಹಿಡಿಯುವಾಗ ಫ್ಯಾನಿನ ರೆಕ್ಕೆಯನ್ನು ಬೆರಳಿನಿಂದ ಒತ್ತಿ ಹಿಡಿಯಬೇಕು. ಗಾಳಿಯ ರಭಸಕ್ಕೆ ಅದು ಗಿರ್ರನೆ ತಿರುಗಿದರೆ ಬೇರಿಂಗ್ ಹಾಳಾಗುತ್ತದೆ.

ನೀರು ತುಂಬಿದ ಲಿಕ್ವಿಡ್ ಕೂಲರ್ ಈ ದರದ ಕಂಪ್ಯೂಟರಿಗೆ ಬೇಡವೇ ಬೇಡ. ಒಂದು ಸಾಧಾರಣ ಏರ್ ಕೂಲರ್ ಸಾಕು, ಪಂಪು ಕೆಡುವ ಭಯವಿಲ್ಲ. ಬೇಸಿಗೆಯಲ್ಲಿ ಕಾರ್ಡಿನ ವಿದ್ಯುತ್ ಮಿತಿಯನ್ನು ಸಾಫ್ಟ್‌ವೇರಿನಲ್ಲಿ ಶೇ 85ಕ್ಕೆ ಇಳಿಸಿ ನೋಡಿ. ಆಟದಲ್ಲಿ ಕಳೆದುಕೊಳ್ಳುವುದು ಅತ್ಯಲ್ಪ, ಶಾಖ ಇಳಿಯುವುದು ಕೈಗೇ ತಿಳಿಯುತ್ತದೆ.

ಮಾನಿಟರ್ 24 ಇಂಚಿನ ಫುಲ್ ಎಚ್‌ಡಿ, 144 ಹರ್ಟ್ಜ್ ಅಥವಾ ಮೇಲಿನದು. ಫುಲ್ ಎಚ್‌ಡಿ ಪರದೆಯಲ್ಲಿ 20.7 ಲಕ್ಷ ಚುಕ್ಕೆಗಳಿದ್ದರೆ 1440ಪಿ ಪರದೆಯಲ್ಲಿ 36.9 ಲಕ್ಷ. ಅಷ್ಟನ್ನೂ ಕಾರ್ಡೇ ಬಿಡಿಸಬೇಕು, ಅಷ್ಟಕ್ಕೂ ಶಾಖ ಹುಟ್ಟಬೇಕು. ಮಾನಿಟರಿನ ಕೇಬಲನ್ನು ಕಾರ್ಡಿಗೇ ಚುಚ್ಚಿ, ಮದರ್‌ಬೋರ್ಡಿಗಲ್ಲ. ವಿಂಡೋಸ್‌ನಲ್ಲಿ 60ರ ಬದಲು 144 ಹರ್ಟ್ಜ್ ಆಯ್ಕೆ ಮಾಡಿ.

ಮನೆಯ ಹಿರಿಯರಿಗೂ ಎರಡು ಮಾತು ಹೇಳಬೇಕು. ಆಟವೆಂದರೆ ದುಡ್ಡು ಕಟ್ಟಿ ಕಳೆದುಕೊಳ್ಳುವುದು ಎಂಬ ಅಂಜಿಕೆ ಸಹಜ. ಅಂಥ ಹಣದ ಆಟಗಳನ್ನು ಕೇಂದ್ರ ಸರ್ಕಾರ 2025ರ ಆನ್‌ಲೈನ್ ಗೇಮಿಂಗ್ ಕಾಯ್ದೆಯಲ್ಲಿ ನಿಷೇಧಿಸಿದೆ, ಅದೇ ಕಾಯ್ದೆ ಇ–ಕ್ರೀಡೆಗೆ ಮಾನ್ಯತೆ ಕೊಟ್ಟಿದೆ. ಅನಿಮೇಷನ್ ಮತ್ತು ಗೇಮಿಂಗ್ ಉದ್ಯಮಕ್ಕೆಂದೇ ದೇಶದಲ್ಲಿ ಮೊದಲು ನೀತಿ ರೂಪಿಸಿದ ರಾಜ್ಯ ಕರ್ನಾಟಕ, ಅದು 2012ರಲ್ಲಿ. ಮಗ ಆಟವಾಡುವ ಕಾರ್ಡಿನಲ್ಲೇ ಬ್ಲೆಂಡರ್‌ನಲ್ಲಿ ಚಿತ್ರ ಜೀವ ತಳೆಯುತ್ತದೆ, ಆಟೊಕ್ಯಾಡ್‌ನ ನಕ್ಷೆ ತಿರುಗುತ್ತದೆ, ಯಂತ್ರಕಲಿಕೆಯ ಪಾಠ ಓಡುತ್ತದೆ. ಚಳ್ಳಕೆರೆಯ ಸರ್ಕಾರಿ ಎಂಜಿನಿಯರಿಂಗ್ ಕಾಲೇಜಿನ ವಿದ್ಯಾರ್ಥಿಗೆ ಅದೇ ಹಣದ ಲ್ಯಾಪ್‌ಟಾಪಿಗಿಂತ ಇದರಲ್ಲಿ ಹೆಚ್ಚು ಕೆಲಸ ಸಾಗುತ್ತದೆ. ಕೆಟ್ಟರೆ ಕೆಟ್ಟ ಭಾಗವನ್ನಷ್ಟೇ ಬದಲಿಸಿದರೆ ಆಯಿತು. ಈ ಖರ್ಚನ್ನು ಆಟಿಕೆಯ ಖರ್ಚೆಂದು ಬಗೆಯಬೇಡಿ.

ಕೊಳ್ಳುವ ದಿನ ಅವಸರ ಬೇಡ. ಎಲ್ಲವನ್ನೂ ಒಂದೇ ಕಡೆ ಕೊಂಡರೆ ಕೆಟ್ಟಾಗ ತಪ್ಪನ್ನು ಯಾರು ಯಾರ ಮೇಲೆ ಹಾಕಬೇಕೆಂಬ ಜಗಳವಿರುವುದಿಲ್ಲ. ಚಳ್ಳಕೆರೆಯ, ಚಿತ್ರದುರ್ಗದ, ಬಳ್ಳಾರಿಯ ಅಂಗಡಿಯವರು ಆನ್‌ಲೈನ್ ದರಕ್ಕಿಂತ ಸಾವಿರ–ಎರಡು ಸಾವಿರ ಹೆಚ್ಚು ಕೇಳಿದರೂ, ಗ್ಯಾರಂಟಿಯ ಓಡಾಟ ತಾವೇ ನೋಡಿಕೊಳ್ಳುತ್ತೇವೆಂದು ಬರೆದುಕೊಟ್ಟರೆ, ಅದು ನ್ಯಾಯವಾದ ಬೆಲೆ. ಭಾಗಗಳು ಬಂದ ಖಾಲಿ ಡಬ್ಬಿಗಳನ್ನು ಅಟ್ಟದ ಮೇಲೆ ಜೋಪಾನವಾಗಿಡಿ. ‘ಬಿಲ್ ಬೇಡ ಅಂದ್ರೆ ಜಿಎಸ್‌ಟಿ ಉಳಿತದೆ’ ಎಂದು ಯಾರಾದರೂ ಹೇಳಿದರೆ ಒಪ್ಪಬೇಡಿ. ಆ ಶೇ 18 ಉಳಿಸಿದವರಿಗೆ ಗ್ಯಾರಂಟಿ ಕೇಳುವ ಹಕ್ಕೂ ಉಳಿಯುವುದಿಲ್ಲ. ಕಾರ್ಡು, ಬೋರ್ಡು, ಎಸ್‌ಎಂಪಿಎಸ್, ಎಸ್‌ಎಸ್‌ಡಿ, ಪ್ರತಿಯೊಂದರ ಸೀರಿಯಲ್ ನಂಬರನ್ನು ಬಿಲ್ಲಿನಲ್ಲೇ ಬರೆಸಿಕೊಳ್ಳಿ, ಆ ಬಿಲ್ಲಿನ ಫೋಟೊ ತೆಗೆದು ಮನೆಯ ಇಬ್ಬರ ಮೊಬೈಲಿನಲ್ಲಿಡಿ.